ಇಲಿಯ ಬೆನ್ನೂ ಹೊಲದ ಎಣ್ಣೆಯೂ



ಬಿಳಿಯ ರೋಮದ, ಕೆಂಪು ಕಣ್ಣಿನ, ಹೆಚ್ಚೆಂದರೆ ಮೂವತ್ತು ನಲವತ್ತು ಗ್ರಾಂ ತೂಗುವ ಒಂದು ಸುಂಡಿಲಿಯನ್ನು ತೆಗೆದುಕೊಂಡು, ಅದರ ಎರಡು ಭುಜಗಳ ನಡುವಣ ರೋಮವನ್ನು ಕತ್ತರಿಸಿ, ಹಾಗೆ ಬರಿದಾದ ಅಂಗೈಗಿಂತಲೂ ಎಷ್ಟೋ ಕಿರಿದಾದ ಚರ್ಮದ ಮೇಲೆ ಅಸಿಟೋನಿನಲ್ಲಿ ಕರಗಿಸಿದ ಪದಾರ್ಥವೊಂದನ್ನು ವಾರಕ್ಕೆ ಎರಡು ಮೂರು ಸಲ ಹಚ್ಚುತ್ತ, ತಿಂಗಳುಗಟ್ಟಲೆ, ಕೆಲವೊಮ್ಮೆ ಆ ಪ್ರಾಣಿಯ ಆಯುಷ್ಯವೇ ಆದ ಎರಡು ವರ್ಷಗಳ ಪರ್ಯಂತ, ಅಲ್ಲಿ ಗಂಟು ಏಳುವುದೋ ಇಲ್ಲವೋ ಎಂದು ಕಾದು ನೋಡುವುದು: ಈ ಹೊತ್ತು ನಾನು ಮಾತನಾಡಬೇಕಾಗಿರುವ ಪರೀಕ್ಷೆಯ ಬಾಹ್ಯಸ್ವರೂಪ ಇಷ್ಟೇ. ಭುಜಗಳ ನಡುವಣ ಆ ಜಾಗವನ್ನೇ ಆರಿಸುವುದಕ್ಕೆ ಕಾರಣ, ಇಲಿಯ ನಾಲಗೆಗೆ ಅದು ಎಟುಕದು. ಬೇರೆಡೆ ಹಚ್ಚಿದರೆ ನೆಕ್ಕಿ ನುಂಗಿಬಿಡುತ್ತದೆ, ಆಗ ಪರೀಕ್ಷೆ ಚರ್ಮದ್ದಾಗದೆ ಹೊಟ್ಟೆಯದಾಗುತ್ತದೆ. ನೋಡುವುದಕ್ಕೆ ಇಷ್ಟು ಸರಳವಾದ ಈ ಕ್ರಮದ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚಿಂತನೆಯಿದೆ, ವಿವಾದವಿದೆ; ಮತ್ತು ಅದರ ಫಲಿತಾಂಶವನ್ನು ಓದುವಲ್ಲಿ ವೈದ್ಯರೂ ಪತ್ರಿಕೆಯವರೂ ಔಷಧದ ಅಂಗಡಿಯವರೂ ಒಬ್ಬೊಬ್ಬರೂ ತಮಗೆ ಬೇಕಾದ ಬಗೆಯಲ್ಲಿ ಅವಸರ ಮಾಡುತ್ತಾರೆಂಬುದು ನನ್ನ ತಕರಾರು.

ಈ ಮಾತನ್ನು ಇಂಥ ಸಂಶೋಧನೆ ನಡೆದ ಲಖನೌದಲ್ಲಿಯೋ ಮುಂಬಯಿಯಲ್ಲಿಯೋ ಆಡುವುದು ಯುಕ್ತ, ಬಳ್ಳಾರಿಯಲ್ಲೇಕೆ ಎಂದು ಕೇಳುವವರಿದ್ದಾರು. ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪದ ಬಯಲು ಬತ್ತದ ಕಣಜವಾಯಿತು. ಬತ್ತದೊಡನೆ ಹುಳುವೂ ಬಂದಿತು, ಹುಳುವಿನೊಡನೆ ಎಣ್ಣೆಯೂ ಬಂದಿತು. ನಮ್ಮ ಕಡೆಯ ರೈತರು ಕೀಟನಾಶಕಕ್ಕೆ ಎಣ್ಣೆ ಎನ್ನುವುದನ್ನು ನೀವೆಲ್ಲರೂ ಬಲ್ಲಿರಿ. ದೊಡ್ಡಬಸವೇಶ್ವರನ ಕುರುಗೋಡಿನ ಸುತ್ತಣ ಕರಿಯ ನೆಲದಲ್ಲಿ ಬೆಳೆದು ಬ್ಯಾಡಗಿಯ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ ಸರದಿಗಳು ಬತ್ತಕ್ಕೂ ಮಿಗಿಲು. ಇನ್ನು ಬಳ್ಳಾರಿ ನಗರದಲ್ಲಿ ಜೀನ್ಸಿಗೆ ಬಣ್ಣ ಕಟ್ಟಿ ಒಗೆಯುವ ಘಟಕಗಳಿವೆ. ಬಳಸಿ ತೆಗೆದ ಎಂಜಿನ್ ಆಯಿಲನ್ನು ಮೊಣಕೈವರೆಗೆ ಬಳಿದುಕೊಂಡೇ ಕಸುಬು ಕಲಿಯುವ ಗ್ಯಾರೇಜಿನ ಹುಡುಗರಿದ್ದಾರೆ. ಹೀಗೆ ಚರ್ಮದ ಮೂಲಕ ರಸಾಯನದ್ರವ್ಯಗಳೊಡನೆ ನಿತ್ಯ ಸಂಪರ್ಕವುಳ್ಳ ಜನ ಈ ಸೀಮೆಯಲ್ಲಿ ಹೇರಳವಾಗಿರುವಾಗ, ಆ ದ್ರವ್ಯಗಳ ಕುರಿತು ಇಲಿಯ ಚರ್ಮ ಏನು ಹೇಳಿದೆ, ಅದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬ ವಿಚಾರ ಇಲ್ಲಿಗೆ ಪರಕೀಯವಾಗಲಾರದು.

ಕಥೆಯ ಆರಂಭದಲ್ಲಿ ಇಲಿ ಇಲ್ಲ, ಮನುಷ್ಯನೇ ಇದ್ದಾನೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ, ಬಾಲ್ಯದಿಂದಲೂ ಹೊಗೆಗೂಡಿನೊಳಗೆ ಹತ್ತಿ ಮಸಿ ಗುಡಿಸುತ್ತಿದ್ದವರ ವೃಷಣಚರ್ಮದಲ್ಲಿ ಅವರು ವಯಸ್ಕರಾದ ತರುವಾಯ ಕಾಣಿಸಿಕೊಳ್ಳುತ್ತಿದ್ದ ಹುಣ್ಣು ಅರ್ಬುದವೆಂದೂ, ಚರ್ಮದ ಮಡಿಕೆಗಳಲ್ಲಿ ಕೂತ ಮಸಿಯೇ ಅದರ ಮೂಲವೆಂದೂ ಬರೆದನು. ಕಸುಬಿಗೂ ಕ್ಯಾನ್ಸರಿಗೂ ಸಂಬಂಧ ಕಲ್ಪಿಸಿದ ಮೊದಲ ಬರಹಗಳಲ್ಲಿ ಅದೊಂದು. ಅಲ್ಲಿಂದ ಮುಂದೆ ನೂರನಲವತ್ತು ವರ್ಷಗಳ ಕಾಲ ಪ್ರಾಣಿಯ ಮೇಲೆ ಅದನ್ನು ಪ್ರಯೋಗದಿಂದ ತೋರಿಸಲು ಯಾರಿಗೂ ಸಾಧ್ಯವಾಗಲಿಲ್ಲ; ಹಲವರು ಮಸಿಯನ್ನೂ ಡಾಂಬರನ್ನೂ ಹಚ್ಚಿ ನೋಡಿದರು, ಕೆಲವು ವಾರಗಳಲ್ಲಿ ಏನೂ ಕಾಣದೆ ಕೈಬಿಟ್ಟರು. ಟೋಕಿಯೊದ ಯಮಗಿವ ಕಟ್ಸುಸಬುರೊ ಮತ್ತು ಆತನ ಸಹಾಯಕ ಇಚಿಕವ ಕೊಯಿಚಿ ಎಂಬಿಬ್ಬರು 1915ರ ಸುಮಾರಿಗೆ ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ಹಚ್ಚುತ್ತ ಹೋಗಿ, ಮತ್ತೆ ಹಚ್ಚಿ, ತಿಂಗಳುಗಳು ಉರುಳಿದರೂ ಬಿಡದೆ, ಕಡೆಗೆ ನಿಜವಾದ ಕ್ಯಾನ್ಸರನ್ನು ಎಬ್ಬಿಸಿದರು. ಅವರಿಗೆ ಹಿಂದಿನವರಿಗಿಂತ ಹೆಚ್ಚಿನ ಉಪಕರಣವೇನೂ ಇರಲಿಲ್ಲ; ಇದ್ದದ್ದು ಸಹನೆಯೊಂದೇ. ಮೂರು ವರ್ಷಗಳ ಬಳಿಕ, 1918ರಲ್ಲಿ, ತ್ಸುತ್ಸುಯಿ ಎಂಬ ಮತ್ತೊಬ್ಬ ಜಪಾನೀಯನು ಅದನ್ನೇ ಸುಂಡಿಲಿಯ ಬೆನ್ನಿನಲ್ಲಿ ಸಾಧಿಸಿದನು. ಅಂದಿನಿಂದ ಮೊಲ ಹಿಂದೆ ಸರಿದು ಇಲಿ ಮುಂದೆ ಬಂದಿತು.

ಡಾಂಬರೆಂಬುದು ಸಾವಿರಾರು ಸಂಯುಕ್ತಗಳ ಮಿಶ್ರಣ. ಅದರಲ್ಲಿ ಅಪರಾಧಿ ಯಾವುದೆಂದು ಹುಡುಕುವುದಕ್ಕೂ ಇಲಿಯ ಬೆನ್ನೇ ದಾರಿಯಾಯಿತು. ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆನ್ನವೇ ಎಂಬಾತನ ಸುತ್ತ ನೆರೆದ ರಸಾಯನಶಾಸ್ತ್ರಜ್ಞರು 1930ರಲ್ಲಿ ಶುದ್ಧವಾದ ಒಂದೇ ಸಂಯುಕ್ತದಿಂದ ಇಲಿಯಲ್ಲಿ ಕ್ಯಾನ್ಸರ್ ಬರಿಸಿ, 1933ರಲ್ಲಿ ಎರಡು ಟನ್ ಡಾಂಬರುಗಟ್ಟಿಯನ್ನು ಶೋಧಿಸಿ ಶೋಧಿಸಿ ಅದರೊಳಗಿಂದ ಬೆಂಜೊಪೈರೀನ್ ಎಂಬುದನ್ನು ಕೆಲವೇ ಗ್ರಾಂಗಳಷ್ಟು ಹೊರತೆಗೆದರು. ಮಸಿಯಲ್ಲಿ, ಬೀಡಿ ಸಿಗರೇಟಿನ ಹೊಗೆಯಲ್ಲಿ, ಒಲೆಯ ಹೊಗೆಯಲ್ಲಿ ಇರುವುದೂ ಇದೇ. ವೈಂಡರ್ ಮತ್ತು ಗ್ರಹಾಂ ಎಂಬವರು 1953ರಲ್ಲಿ ಸಿಗರೇಟಿನ ಹೊಗೆಯಿಂದ ಇಳಿಸಿದ ಟಾರನ್ನು ಇಲಿಗಳ ಬೆನ್ನಿಗೆ ಹಚ್ಚಿ ಶೇಕಡಾ 44ರಲ್ಲಿ ಚರ್ಮದ ಕ್ಯಾನ್ಸರನ್ನು ಕಂಡಾಗ ತಂಬಾಕಿನ ಕಂಪನಿಗಳು ತತ್ತರಿಸಿದ್ದೂ, ಇಲಿ ಮನುಷ್ಯನಲ್ಲವೆಂಬ ವಾದವನ್ನು ಆಗ ಅವರು ಬಹಳ ಉತ್ಸಾಹದಿಂದ ಹಿಡಿದದ್ದೂ ಇತಿಹಾಸವಾಗಿದೆ. ಆ ವಾದದಲ್ಲಿ ಸತ್ಯಾಂಶವಿತ್ತು. ಹೇಳಿದವರ ಉದ್ದೇಶ ಮಾತ್ರ ಸತ್ಯಶೋಧನೆಯಾಗಿರಲಿಲ್ಲ.

ಬೆಂಜೊಪೈರೀನ್ ದೊರೆತ ನಂತರದ ಘಟ್ಟ ನಮ್ಮ ನೆಲದ ಒಂದು ಗಿಡಕ್ಕೆ ಸಂಬಂಧಿಸಿದ್ದಾದುದರಿಂದ ಅದನ್ನು ತುಸು ವಿಸ್ತರಿಸಿ ಹೇಳುವ ಆಸೆ ನನಗೆ. ಜಾಪಾಳದ ಬೀಜವನ್ನು ನಾಟಿ ವೈದ್ಯರು ಬಲ್ಲರು. ಶುದ್ಧಿ ಮಾಡದೆ ಕೊಟ್ಟರೆ ಭೇದಿಯಿಂದ ಪ್ರಾಣಕ್ಕೇ ಸಂಚಕಾರ ತರತಕ್ಕ ಉಗ್ರ ವಿರೇಚಕವೆಂದು ಆಯುರ್ವೇದ ಅದನ್ನು ಎಚ್ಚರಿಕೆಯಿಂದ ಬಳಸಿತು. ಈ ಬೀಜದ ಎಣ್ಣೆಯನ್ನು ಆಕ್ಸ್‌ಫರ್ಡಿನಲ್ಲಿದ್ದ ಬೆರೆನ್‌ಬ್ಲಂ ಎಂಬ ವಿಜ್ಞಾನಿ 1941ರಲ್ಲಿ ಇಲಿಯ ಬೆನ್ನಿಗೆ ಹಚ್ಚಿ ಒಂದು ವಿಚಿತ್ರವನ್ನು ಕಂಡನು. ಬೆಂಜೊಪೈರೀನನ್ನು ಅತ್ಯಲ್ಪ ಪ್ರಮಾಣದಲ್ಲಿ ಹಚ್ಚಿದರೆ ಗಂಟು ಏಳುವುದು ಅಪರೂಪ. ಜಾಪಾಳದ ಎಣ್ಣೆಯೊಂದನ್ನೇ ಎಷ್ಟು ಕಾಲ ಹಚ್ಚಿದರೂ ಉರಿಯೂತವೇಳುವುದು, ಗಂಟು ಏಳುವುದು ವಿರಳ. ಮೊದಲು ಅದನ್ನು ಹಚ್ಚಿ ತರುವಾಯ ಇದನ್ನು ಹಚ್ಚುತ್ತ ಹೋದರೆ ಮಾತ್ರ ಬೆನ್ನೆಲ್ಲ ಗಂಟುಮಯ. ಮೋಟ್ರಂ ಎಂಬಾತನು 1944ರಲ್ಲಿ ಮೊದಲನೆಯದನ್ನು ಒಂದೇ ಒಂದು ಸಲ ಹಚ್ಚಿದರೂ ಸಾಕೆಂದು ತೋರಿಸಿದನು. ಬೆರೆನ್‌ಬ್ಲಂ ಮತ್ತು ಶೂಬಿಕ್ 1947ರಲ್ಲಿ ಇದನ್ನೆಲ್ಲ ಕ್ರಮಗೊಳಿಸಿ, ಕ್ಯಾನ್ಸರಿನ ಉತ್ಪತ್ತಿಯಲ್ಲಿ ಆರಂಭವೆಂಬುದೂ ಪ್ರವರ್ಧನವೆಂಬುದೂ ಎರಡು ಪ್ರತ್ಯೇಕ ಅವಸ್ಥೆಗಳೆಂದು ಸ್ಥಾಪಿಸಿದರು.

ಕಾಲುವೆಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೀಜ ಬಿತ್ತಿ ನೀರು ಬಿಡದಿದ್ದರೆ ಬೆಳೆಯಿಲ್ಲ. ಬೀಜವಿಲ್ಲದ ಹೊಲಕ್ಕೆ ಹಗಲೂ ರಾತ್ರಿ ನೀರು ಹರಿಸಿದರೂ ಬೆಳೆಯಿಲ್ಲ. ನೀರು ಹರಿಸಿ ಒಣಗಿದ ಮೇಲೆ ಬಿತ್ತಿ ಸುಮ್ಮನಾದರೂ ಬೆಳೆಯಿಲ್ಲ. ಇಲಿಯ ಚರ್ಮದಲ್ಲಿಯೂ ಕ್ರಮ ತಲೆಕೆಳಗಾದರೆ, ಎಂದರೆ ಜಾಪಾಳವನ್ನು ಮೊದಲು ಹಚ್ಚಿ ಬೆಂಜೊಪೈರೀನನ್ನು ಆಮೇಲೆ ಹಚ್ಚಿದರೆ, ಗಂಟು ಏಳುವುದಿಲ್ಲ. ಆದರೆ ಬಿತ್ತಿದ್ದು ಕೆಡುವುದಿಲ್ಲವೆಂಬುದೇ ಇಲ್ಲಿಯ ಭಯಂಕರ ಸಂಗತಿ: ಒಂದು ಸಲ ಆರಂಭಕದ್ರವ್ಯವನ್ನು ಹಚ್ಚಿ, ತಿಂಗಳುಗಳು ಕಳೆದ ಮೇಲೆ ಪ್ರವರ್ಧಕವನ್ನು ಹಚ್ಚತೊಡಗಿದರೂ ಗಂಟುಗಳು ಬರುತ್ತವೆ. ಅದಕ್ಕೆ ಕಾರಣ ಮುಂದೆ ತಿಳಿಯಿತು. 1986ರಲ್ಲಿ ಗ್ಲಾಸ್ಗೋ ನಗರದ ಬಾಲ್ಮೇನ್ ಮತ್ತು ಸಂಗಡಿಗರು, ಡೈಮೀಥೈಲ್ ಬೆಂಜಾಂತ್ರಸೀನ್ ಎಂಬ ಆರಂಭಕದ್ರವ್ಯದಿಂದ ಎದ್ದ ಗಂಟುಗಳಲ್ಲಿ ರಾಸ್ ಎಂಬ ವಂಶವಾಹಿಯ ಒಂದು ನಿಯತ ಸ್ಥಾನದಲ್ಲಿ ಒಂದೇ ಅಕ್ಷರದ ಪಲ್ಲಟವಾಗಿರುವುದನ್ನು ತೋರಿಸಿದರು. ಜೀವಕೋಶದ ಆ ಪಲ್ಲಟ ಅಳಿಯದು. ಜಾಪಾಳದೊಳಗಣ ಪ್ರವರ್ಧಕವನ್ನು ಹೈಡೆಲ್‌ಬರ್ಗಿನ ಹೆಕರ್ 1960ರ ದಶಕದಲ್ಲಿ ಬೇರ್ಪಡಿಸಿದನು. ಅದು ಜೀವಕೋಶದ ಒಳಗೆ ಯಾವ ಕಿಣ್ವವನ್ನು ಬಡಿದೆಬ್ಬಿಸುತ್ತದೆಂಬುದನ್ನು 1982ರಲ್ಲಿ ಕೋಬೆಯ ನಿಷಿಜುಕ ತಿಳಿಸಿದನು. ಪ್ರವರ್ಧನ ಮಾತ್ರ, ಅದರಲ್ಲಿಯೂ ಅದರ ಮೊದಲ ಭಾಗ, ಹಿಂದಿರುಗಬಲ್ಲದು: ಹಚ್ಚುವ ದಿನಗಳ ನಡುವೆ ಸಾಕಷ್ಟು ಬಿಡುವು ಕೊಟ್ಟರೆ ಎಣ್ಣೆಯ ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಗಂಟು ಏಳುವುದಿಲ್ಲ. ಈ ಕಡೆಯ ಮಾತನ್ನು ದಯಮಾಡಿ ನೆನಪಿಡಬೇಕು. ದಿನಗೂಲಿಗೆ ಎಣ್ಣೆ ಹೊಡೆಯುವವನಿಗೂ, ತನ್ನ ಎರಡೆಕರೆಗೆ ಬೆಳೆಗೆ ನಾಲ್ಕು ಸಲ ಹೊಡೆದುಕೊಳ್ಳುವ ರೈತನಿಗೂ ನಡುವಣ ಭೇದ ಇದರಲ್ಲಿದೆ.

ಇಲಿಯ ಮಾತನ್ನು ಕೇಳಿ ಮನುಷ್ಯರ ಬದುಕನ್ನು ಬದಲಿಸಿದ ಉದಾಹರಣೆ ಉಂಟೇ ಎಂದರೆ, ಬಟ್ಟೆಯ ಉದ್ಯಮದಿಂದಲೇ ಒಂದನ್ನು ಕೊಡಬಹುದು. ಮ್ಯಾಂಚೆಸ್ಟರ್ ಸೀಮೆಯ ಹತ್ತಿಯ ಗಿರಣಿಗಳಲ್ಲಿ ನೂಲುವ ಯಂತ್ರದ ಕದಿರುಗಳಿಂದ ಚಿಮ್ಮುವ ಖನಿಜತೈಲ ನೂಲುಗಾರರ ಷರಾಯಿಯನ್ನು ತೊಡೆಯ ಸಂದಿನಲ್ಲಿ ಸದಾ ನೆನೆಸಿರುತ್ತಿತ್ತು. ಪಾಟ್ ಕಂಡ ಹುಣ್ಣನ್ನೇ ಅವರಲ್ಲಿ ಸೌತಂ ಮತ್ತು ವಿಲ್ಸನ್ ಎಂಬ ವೈದ್ಯರು 1922ರಲ್ಲಿ ಗುರುತಿಸಿದರು. ಅಲ್ಲಿಂದ ಮುಂದೆ ಟ್ವೋರ್ಟ್ ಎಂಬಾತನೂ ಆತನ ಜೊತೆಗಾರರೂ ಬಗೆಬಗೆಯ ತೈಲಗಳನ್ನು ಇಲಿಗಳಿಗೆ ಹಚ್ಚಿ, ಯಾವ ಮೂಲದ ತೈಲ ಹೆಚ್ಚು ಕೆಟ್ಟದ್ದು, ಯಾವ ಶುದ್ಧೀಕರಣದಿಂದ ಅದರ ಕೆಡುಕು ಇಳಿಯುವುದು ಎಂದು ವರ್ಷಗಟ್ಟಲೆ ಪಟ್ಟಿಮಾಡಿದರು. ಕಟ್ಟಕಡೆಗೆ 1953ರಲ್ಲಿ ಬ್ರಿಟಿಷ್ ಸರ್ಕಾರ ಆ ಯಂತ್ರಗಳಿಗೆ ಚೆನ್ನಾಗಿ ಶುದ್ಧಿಮಾಡಿದ ಬಿಳಿಯ ತೈಲವನ್ನಲ್ಲದೆ ಬೇರೆ ಖನಿಜತೈಲವನ್ನು ಬಳಸಕೂಡದೆಂದು ವಿಧಿಸಿತು. ರೋಗವನ್ನು ಗುರುತಿಸಿದ್ದಕ್ಕೂ ವಿಧಿ ಹೊರಟದ್ದಕ್ಕೂ ನಡುವೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಆ ಬಗೆಯ ಯಂತ್ರವೇ ಮೂಲೆ ಸೇರುತ್ತಿತ್ತು. ಇಂದು ಖನಿಜತೈಲದ ಕಾರ್ಖಾನೆಗಳು ಈ ಪರೀಕ್ಷೆಗಾಗಿ ಇಲಿಯನ್ನು ಹಿಡಿಯಬೇಕಾಗಿಲ್ಲ: ತೈಲದಲ್ಲಿ ಡೈಮೀಥೈಲ್ ಸಲ್ಫಾಕ್ಸೈಡಿಗೆ ಕರಗಿ ಬರುವ ಭಾಗ ತೂಕದಲ್ಲಿ ಶೇಕಡಾ 3ಕ್ಕಿಂತ ಕಡಿಮೆಯಿದ್ದರೆ ಇಲಿಯ ಚರ್ಮಕ್ಕೆ ಅದು ಕ್ಯಾನ್ಸರ್ ತಾರದೆಂಬುದು ಹಳೆಯ ಪ್ರಯೋಗಗಳ ಹೋಲಿಕೆಯಿಂದ ಸಿದ್ಧವಾಗಿ, ಗಾಜಿನ ಪಾತ್ರೆಯೊಂದು ಇಲಿಯ ಸ್ಥಾನಕ್ಕೆ ಬಂದಿದೆ. ಆದರೆ ಡಬ್ಬಿಯಿಂದ ಸುರಿಯುವಾಗ ಶುದ್ಧವಾಗಿದ್ದ ಆಯಿಲು ಪೆಟ್ರೋಲ್ ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರು ಸುತ್ತಿ ಕೆಳಗಿಳಿಯುವಾಗ ಬೆಂಜೊಪೈರೀನಿನಂಥವುಗಳನ್ನು ಹೊತ್ತು ಬರುತ್ತದೆ, ಹಾಗೆ ಬಳಸಿ ತೆಗೆದ ಆಯಿಲು ಇಲಿಯ ಚರ್ಮದಲ್ಲಿ ಕ್ಯಾನ್ಸರನ್ನು ತಂದಿದೆ. ಡೀಸೆಲ್ ಎಂಜಿನ್ನಿನ ಆಯಿಲಿನಲ್ಲಿ ಇದು ಅಷ್ಟಾಗಿ ಇರುವುದಿಲ್ಲವೆಂಬುದು ನಮ್ಮ ಅದಿರು ಲಾರಿಗಳ ಮೆಕ್ಯಾನಿಕ್ಕುಗಳಿಗೆ ಸಿಗಬಹುದಾದ ಸ್ವಲ್ಪ ಸಮಾಧಾನ. ಬೈಕು ಕಾರುಗಳ ಗ್ಯಾರೇಜಿನವರಿಗೆ ಅದೂ ಇಲ್ಲ. ಕೈಗೆ ಸೋಪು ಹಚ್ಚಿ ತೊಳೆಯುವುದೂ, ಎಣ್ಣೆ ಕುಡಿದ ಷರಾಯಿಯನ್ನು ಬಿಚ್ಚಿಟ್ಟು ಮನೆಗೆ ಹೋಗುವುದೂ ಇಲ್ಲಿ ಸ್ವಚ್ಛತೆಯ ಉಪದೇಶವಲ್ಲ, ರೋಗ ತಡೆಯುವ ಉಪಾಯವೇ.

ಬಣ್ಣದ ವಿಷಯದಲ್ಲಿ ಇಲಿಯ ಬೆನ್ನಿನಿಂದ ಹೆಚ್ಚು ನಿರೀಕ್ಷಿಸಲಾಗದು. ಜರ್ಮನಿಯ ರೇನ್ ಎಂಬ ವೈದ್ಯನು 1895ರಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಕಂಡದ್ದು ಮೂತ್ರಕೋಶದ ಕ್ಯಾನ್ಸರು. 1938ರಲ್ಲಿ ಹ್ಯೂಪರ್ ಎಂಬಾತ ಅದನ್ನು ಪ್ರಯೋಗದಿಂದ ತೋರಿಸಿದ್ದು ನಾಯಿಗಳಲ್ಲಿ. ಬೆಂಜಿಡೀನ್ ಮೂಲದ ಬಣ್ಣಗಳನ್ನು ನಮ್ಮ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿತು. ಜೀನ್ಸಿನ ನೀಲಿಯಾದ ಇಂಡಿಗೊ ಆ ವರ್ಗಕ್ಕೆ ಸೇರಿದ್ದೂ ಅಲ್ಲ. ಬಣ್ಣದ ಘಟಕಗಳ ಮೇಲೆ ಹೊರಿಸಬಹುದಾದ ಆಕ್ಷೇಪಗಳು ಬೇರೆ ಇವೆ, ಚರಂಡಿಯ ನೀರೇ ಅವುಗಳನ್ನು ಹೇಳುತ್ತದೆ. ಚರ್ಮದ ಕ್ಯಾನ್ಸರನ್ನು ಅವುಗಳೊಡನೆ ಸೇರಿಸಿ ಗದ್ದಲ ಮಾಡುವುದು ನ್ಯಾಯವಲ್ಲ.

ಈಗ ಹೊಲಕ್ಕೆ ಬರೋಣ. ನಮ್ಮ ದೇಶದ ಕೃಷಿಯ ವಿಷಗಳನ್ನು ಇಲಿಯ ಚರ್ಮದ ಮೇಲೆ ನಮ್ಮವರೇ ಪರೀಕ್ಷಿಸಿದ ಮುಖ್ಯ ಸ್ಥಳ ಲಖನೌದ ವಿಷವಿಜ್ಞಾನ ಸಂಶೋಧನಾ ಸಂಸ್ಥೆ; 1965ರಲ್ಲಿ ಸಿಬ್ತೆ ಹಸನ್ ಜೈದಿಯವರ ನೇತೃತ್ವದಲ್ಲಿ ಅದು ಸ್ಥಾಪಿತವಾಯಿತು. ಅಲ್ಲಿಯ ಯೋಗೇಶ್ವರ ಶುಕ್ಲ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕವು, 2002ರಲ್ಲಿ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕವು, ಸ್ವಿಸ್ ಬಿಳಿ ಇಲಿಗಳ ಚರ್ಮದಲ್ಲಿ ಗಂಟುಗಳನ್ನು ತರಬಲ್ಲವೆಂದು ಪ್ರಕಟಿಸಿದರು. ಮ್ಯಾಂಕೊಜೆಬ್ ಎಂದರೆ ಮೆಣಸಿನಕಾಯಿಯ ಎಲೆಚುಕ್ಕೆಗೆ ನೀರಿನಲ್ಲಿ ಕದಡಿ ಹೊಡೆಯುವ ಹಳದಿಯ ಪುಡಿ; ಯುರೋಪಿನ ಒಕ್ಕೂಟವು ಅನ್ಯ ಕಾರಣಗಳಿಂದ 2020ರಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ. 2010ರಲ್ಲಿ ಅದೇ ತಂಡ ಗ್ಲೈಫೊಸೇಟ್ ಎಂಬ ಕಳೆನಾಶಕದ ಮೇಲೆ ಪ್ರಕಟಿಸಿದ ಪ್ರಯೋಗ ಜಗತ್ತಿನ ಗಮನ ಸೆಳೆಯಿತು. ಅದರ ವಿವರವನ್ನು ನೋಡತಕ್ಕದ್ದು, ಏಕೆಂದರೆ ಇಂಥ ಪ್ರಯೋಗವನ್ನು ಹೇಗೆ ಓದಬೇಕೆಂಬುದಕ್ಕೆ ಅದು ಒಳ್ಳೆಯ ಪಾಠ.

ಗುಂಪಿಗೆ ಇಪ್ಪತ್ತರಂತೆ ಗಂಡು ಇಲಿಗಳು. ಮೂವತ್ತೆರಡು ವಾರಗಳ ಅವಧಿ. ಗ್ಲೈಫೊಸೇಟನ್ನು ಒಂಟಿಯಾಗಿ ಹಚ್ಚಿದ ಗುಂಪಿನಲ್ಲಿ ಗಂಟಿಲ್ಲ. ಆರಂಭಕವಾಗಿ ಹಚ್ಚಿ ಆಮೇಲೆ ಜಾಪಾಳದ ಸಾರವನ್ನು ಹಚ್ಚಿದ ಗುಂಪಿನಲ್ಲಿಯೂ ಇಲ್ಲ. ಡೈಮೀಥೈಲ್ ಬೆಂಜಾಂತ್ರಸೀನನ್ನು ಒಮ್ಮೆ ಹಚ್ಚಿದ ತರುವಾಯ ಜಾಪಾಳದ ಬದಲಿಗೆ ಗ್ಲೈಫೊಸೇಟನ್ನು ಹಚ್ಚುತ್ತ ಹೋದ ಗುಂಪಿನಲ್ಲಿ ಮಾತ್ರ ಗಂಟುಗಳೆದ್ದುವು. ಎಂದರೆ ಅದು ಬಿತ್ತುವುದಿಲ್ಲ, ಬಿತ್ತಿದ್ದನ್ನು ಬೆಳೆಸಬಹುದು. ಪತ್ರಿಕೆಗಳಿಗೆ ಇದು ಕಳೆನಾಶಕದಿಂದ ಕ್ಯಾನ್ಸರ್ ಎಂಬ ಒಂದೇ ವಾಕ್ಯವಾಯಿತು. ಆದರೆ ಹಚ್ಚಿದ್ದು ಶುದ್ಧ ಗ್ಲೈಫೊಸೇಟನ್ನಲ್ಲ. ಅಂಗಡಿಯಲ್ಲಿ ಸಿಗುವ, ಎಲೆಗೆ ಅಂಟಿಕೊಳ್ಳಲೆಂದು ಸಾಬೂನಿನಂಥ ದ್ರವ್ಯವನ್ನು ಬೆರೆಸಿದ ತಯಾರಿಕೆಯನ್ನು. ಇಲಿಯ ಚರ್ಮವನ್ನು ಕೆರಳಿಸಿದ್ದು ಇದೋ ಅದೋ ಎಂದು ಆ ಪ್ರಯೋಗ ಹೇಳಲಾರದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಗ್ಲೈಫೊಸೇಟನ್ನು ಮನುಷ್ಯನಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿದಾಗಲೂ, ಇಲಿಗಳ ಸಂಖ್ಯೆ ಸಣ್ಣದು, ಅವಧಿ ಸಾಲದು ಎಂಬಂಥ ಕಾರಣಗಳಿಂದ ಈ ಚರ್ಮಪ್ರಯೋಗವನ್ನು ಆ ತೀರ್ಮಾನಕ್ಕೆ ಸಾಕಾದ ಆಧಾರವೆಂದು ಪರಿಗಣಿಸಲಿಲ್ಲ. ಅದರ ಆಧಾರಗಳು ಬೇರೆ ಇದ್ದುವು. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು ಅದೇ ವರ್ಷ ಇದಕ್ಕೆ ವಿರುದ್ಧವಾದ ಅಭಿಪ್ರಾಯಕ್ಕೆ ಬಂದಿತು. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಇದನ್ನು ತರಬೇತಿ ಪಡೆದ ಕೀಟನಿಯಂತ್ರಕರ ಮೂಲಕ ವಿನಾ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಬದುವಿನ ಕಳೆಗೆ ಅದನ್ನು ಹೊಡೆಯುವ ನಮ್ಮ ರೈತನ ಪಾಲಿಗೆ ಆ ತರಬೇತಿವಂತನು ಎಲ್ಲಿ ಸಿಗುತ್ತಾನೆಂಬುದನ್ನು ಆಜ್ಞೆ ಬರೆದವರು ಯೋಚಿಸಿದಂತಿಲ್ಲ.

ಆದರೂ ಲಖನೌದವರನ್ನು ನಾನು ಮೆಚ್ಚುತ್ತೇನೆ, ಒಂದು ಕಾರಣಕ್ಕಾಗಿ. 1958ರಲ್ಲಿ ಕೇರಳದಲ್ಲಿ ಕೀಟನಾಶಕ ಬೆರೆತ ಆಹಾರವನ್ನುಂಡು ನೂರಕ್ಕೂ ಹೆಚ್ಚು ಜನ ಮಡಿದ ಬಳಿಕ ನಮ್ಮಲ್ಲಿ 1968ರ ಕೀಟನಾಶಕ ಅಧಿನಿಯಮ ಬಂದಿತು. ಅದರ ಪ್ರಕಾರ ನೋಂದಣಿಯಾಗುವ ದ್ರವ್ಯಗಳ ಕ್ಯಾನ್ಸರ್ ಪರೀಕ್ಷೆಗಳು ಜಗತ್ತಿನೆಲ್ಲೆಡೆಯಂತೆ ಸಾಮಾನ್ಯವಾಗಿ ಆಹಾರದಲ್ಲಿ ಬೆರೆಸಿ ಇಲಿಗೆ ತಿನ್ನಿಸಿ ನಡೆಯತಕ್ಕವು. ಅನ್ನವುಣ್ಣುವವನ ದೃಷ್ಟಿಯಿಂದ ಅದು ಸರಿಯಾದ ದಾರಿ. ಬೆಳೆಯುವವನ ದೇಹಕ್ಕೆ ವಿಷ ಸೇರುವ ದಾರಿ ಚರ್ಮ. ಇಪ್ಪತ್ತು ಲೀಟರಿನವರೆಗೆ ಹಿಡಿಯುವ ಪಂಪನ್ನು ಬೆನ್ನಿಗೆ ಕಟ್ಟಿ ಎಣ್ಣೆ ಹೊಡೆಯುವವನಿಗೆ, ಪಂಪಿನ ಮುಚ್ಚಳದ ವಾಷರು ಹರಿದಿದ್ದರೆ, ಬಗ್ಗಿದಾಗಲೆಲ್ಲ ದ್ರಾವಣ ಸೋರಿ ಅಂಗಿ ತೊಯ್ಯುವುದು ಎರಡು ಭುಜಗಳ ನಡುವೆ; ಇಲಿಗೆ ಹಚ್ಚುವ ಜಾಗದಲ್ಲಿಯೇ. ಆ ಜಾಗ ಅವನ ಕೈಗೂ ಸುಲಭವಾಗಿ ಎಟುಕದು. ಲಖನೌದವರು ಬೆನ್ನಿಗೆ ಹಚ್ಚಿ ನೋಡಿದ್ದು, ಅದೂ ಅಂಗಡಿಯ ತಯಾರಿಕೆಯನ್ನೇ ಹಚ್ಚಿ ನೋಡಿದ್ದು, ಶಾಸ್ತ್ರಶುದ್ಧಿಯ ದೃಷ್ಟಿಯಿಂದ ದೋಷವೆನಿಸಿದರೂ ಸಿರುಗುಪ್ಪದ ಕೂಲಿಗಾರನ ದೃಷ್ಟಿಯಿಂದ ವಾಸ್ತವಕ್ಕೆ ಹತ್ತಿರವಾದದ್ದು.

ಇಲಿಯ ಮೇಲೆ ವಿಪರೀತ ಭರವಸೆಯಿಡುವವರು ಅರಿಶಿನದ ಕಥೆಯನ್ನು ಕೇಳಬೇಕು. ಅರಿಶಿನದೊಳಗಣ ಕರ್ಕ್ಯೂಮಿನನ್ನು ಜಾಪಾಳದ ಸಾರದೊಡನೆ ಇಲಿಯ ಬೆನ್ನಿಗೆ ಹಚ್ಚಿದರೆ ಗಂಟುಗಳು ಬಹಳ ಕಡಿಮೆಯಾಗುವುವೆಂದು 1988ರಲ್ಲಿ ಅಮೆರಿಕದಿಂದ ವರದಿಯಾಯಿತು, ಪ್ರಯೋಗ ಅಚ್ಚುಕಟ್ಟಾದದ್ದೇ. ಅಂದಿನಿಂದ ಅದನ್ನು ಗುಳಿಗೆ ಮಾಡಿ ಮಾರುವವರಿಗೆ ಹಬ್ಬ. ತಿಂದ ಕರ್ಕ್ಯೂಮಿನು ರಕ್ತಕ್ಕೆ ಸೇರುವುದೇ ಅತ್ಯಲ್ಪವೆಂಬ ಸಂಗತಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿದವರನ್ನು ನಾನು ಕಂಡಿಲ್ಲ.

ಇಲಿಯು ಸುಮ್ಮನಿದ್ದ ಪ್ರಕರಣವೊಂದು ಇದಕ್ಕಿಂತ ಗಂಭೀರವಾದದ್ದು. ಅದೂ ನಮಗೆ ದೂರದ್ದಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮಂಗಳೂರು ಗ್ರಾಮದ ಬಳಿ ಹಳೆಯ ಚಿನ್ನದ ಗಣಿಯಿದ್ದ ಕಲ್ಲುನೆಲದ ಕೊಳವೆಬಾವಿಗಳಲ್ಲಿ ಆರ್ಸೆನಿಕ್, ಎಂದರೆ ಪಾಷಾಣ, ನೀರಿನಲ್ಲಿ ಬೆರೆತು ಬರುತ್ತಿತ್ತು. ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳು ಒರಟಾಗಿ ಗಂಟುಗಟ್ಟಿದ್ದನ್ನೂ, ಮೈಮೇಲೆ ಕಪ್ಪು ಬಿಳುಪು ಚುಕ್ಕೆಗಳು ಹರಡಿದ್ದನ್ನೂ, ಕೆಲವರಲ್ಲಿ ಚರ್ಮದ ಕ್ಯಾನ್ಸರಿನ ಶಂಕೆಯನ್ನೂ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಪಾಷಾಣ ಚರ್ಮದ ಕ್ಯಾನ್ಸರಿಗೆ ಕಾರಣವೆಂಬುದು ಅದಕ್ಕೆ ಬಹುಮುಂಚೆಯೇ ನಿಶ್ಚಿತವಾಗಿತ್ತು: 1968ರಲ್ಲಿ ತೈವಾನಿನ ತ್ಸೆಂಗ್ ಎಂಬ ವೈದ್ಯನೂ ಜೊತೆಗಾರರೂ ಬಾವಿಯ ನೀರಿನಲ್ಲಿ ಪಾಷಾಣವಿದ್ದ ಊರುಗಳ 40,421 ಜನರನ್ನು ಮನೆಮನೆಗೂ ಹೋಗಿ ಪರೀಕ್ಷಿಸಿ 428 ಮಂದಿಯಲ್ಲಿ ಚರ್ಮದ ಕ್ಯಾನ್ಸರನ್ನು ಎಣಿಸಿದ್ದರು. ಆದರೆ ಇಲಿಗಳಿಗೆ ಪಾಷಾಣವನ್ನು ಕುಡಿಸಿದರೂ ಹಚ್ಚಿದರೂ ದಶಕಗಳ ಕಾಲ ಅವುಗಳ ಚರ್ಮದಲ್ಲಿ ಏನೂ ಕಾಣಲಿಲ್ಲ. ಮನುಷ್ಯನಲ್ಲಿ ಸಿದ್ಧವಾಗಿದ್ದರೂ ಪ್ರಾಣಿಯಲ್ಲಿ ಸಿದ್ಧವಾಗದ ಕ್ಯಾನ್ಸರ್‌ಕಾರಕವೆಂದು ಪಾಷಾಣ ಪುಸ್ತಕಗಳಲ್ಲಿ ಅಪವಾದವಾಗಿ ಉಳಿಯಿತು. ನ್ಯೂಯಾರ್ಕಿನ ಟೋಬಿ ರಾಸ್ಮನ್ 2001ರಲ್ಲಿ ರೋಮವಿಲ್ಲದ ಒಂದು ತಳಿಯ ಇಲಿಗಳಿಗೆ ಪಾಷಾಣದ ನೀರನ್ನು ಕುಡಿಸುತ್ತ, ಜೊತೆಗೆ ಅತಿನೇರಳೆ ಕಿರಣವನ್ನೂ ಬೀರಿದಾಗಲೇ, ಬರಿಯ ಕಿರಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಗಂಟುಗಳೆದ್ದುವು. ಪಾಷಾಣಕ್ಕೆ ಜೊತೆ ಬೇಕಾಗಿತ್ತು, ಬಿಸಿಲು ಆ ಜೊತೆಯಾಯಿತು. ಪ್ರಯೋಗಶಾಲೆಯ ದೀಪದ ಬೆಳಕಿನಲ್ಲಿ ಬೆಳೆಯುವ ಇಲಿಗೆ ಬಿಸಿಲೆಂದರೇನೆಂದು ತಿಳಿಯದು. ಬಳ್ಳಾರಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಇಲಿಯ ಚರ್ಮ ನಮ್ಮದಕ್ಕಿಂತ ತೆಳುವು. ಹೊರಗಿನ ದ್ರವ್ಯ ಒಳಹೋಗುವುದು ಅದರಲ್ಲಿ ಹೆಚ್ಚು. ಅದರ ತುಂಬ ರೋಮಕೂಪಗಳು, ಮತ್ತು ಗಂಟುಗಳು ಬಹುಮಟ್ಟಿಗೆ ಆ ಕೂಪಗಳ ಕೋಶಗಳಿಂದಲೇ ಹುಟ್ಟುವಂಥವು. ತಳಿಯಿಂದ ತಳಿಗೂ ಭೇದವುಂಟು: ಸೆನ್‌ಕಾರ್ ಎಂಬ ತಳಿಯನ್ನು ಬೇಗ ಗಂಟು ಏಳುವಂತೆಯೇ ಆರಿಸಿ ಬೆಳೆಸಲಾಗಿದೆ, ಸಿ57 ಕಪ್ಪು ಇಲಿ ಅದೇ ಪ್ರಮಾಣಕ್ಕೆ ಜಗ್ಗದು. ಇಲಿಗಳಲ್ಲೇ ಇಷ್ಟು ವ್ಯತ್ಯಾಸವಿರುವಾಗ ಕಪ್ಪು ಮೈಬಣ್ಣದ, ಮೆಲನಿನ್ನಿನ ರಕ್ಷಣೆಯುಳ್ಳ ನಮ್ಮ ಕೂಲಿಗಾರನಿಗೆ ಎಷ್ಟು ಸಲ, ಎಷ್ಟು ವರ್ಷ, ಯಾವ ಬಲದ ದ್ರಾವಣ ತಗುಲಿದರೆ ಅಪಾಯ ಎಂಬ ಅಂಕಿಯನ್ನು ಇಲಿಯಿಂದ ಲೆಕ್ಕಹಾಕಿ ತೆಗೆಯುವುದು ಸಾಹಸವೇ ಸರಿ. ಹೀಗೂ ಆಗಬಹುದೆಂದು ಇಲಿ ಹೇಳಬಲ್ಲುದು. ಯಾರಿಗೆ, ಎಷ್ಟರಿಂದ ಎಂಬುದನ್ನು ಅದರಿಂದ ಕೇಳುವುದು ತಪ್ಪು. ಅದು ಸುಮ್ಮನಿದ್ದರೆ ದ್ರವ್ಯ ನಿರಪರಾಧಿಯೆಂದು ತಿಳಿಯುವುದಂತೂ, ಪಾಷಾಣದ ಪ್ರಕರಣವನ್ನು ಕಂಡ ಮೇಲೆ, ಯಾರಿಗೂ ಸಲ್ಲದು.

ಆ ಮೂಕಪ್ರಾಣಿಯ ನೋವಿನ ಮಾತನ್ನೂ ಆಡದೆ ಮುಂದುವರಿಯುವುದು ಉಚಿತವಲ್ಲ. ರಾಜ್ಯಸಭೆಯ ಸದಸ್ಯೆಯಾಗಿದ್ದ ನರ್ತಕಿ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ಪ್ರಯೋಗಗಳನ್ನು ನಿಷೇಧಿಸದೆ, ಅವುಗಳ ಮೇಲ್ವಿಚಾರಣೆಗೆ ಒಂದು ಸಮಿತಿಯನ್ನು ಕಲ್ಪಿಸಿತು. 1998ರ ನಿಯಮಗಳಿಂದ ಪ್ರತಿಯೊಂದು ಪ್ರಯೋಗಶಾಲೆಯೂ ನೀತಿಸಮಿತಿಯ ಅನುಮತಿ ಪಡೆಯಬೇಕಾಯಿತು. 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದು ನಮ್ಮ ದೇಶದಲ್ಲಿ ನಿಂತೇ ಹೋಯಿತು. ಮುಖಕ್ಕೆ ಹಚ್ಚುವ ಕ್ರೀಮಿಗಾಗಿ ಇಲಿ ಸಾಯಬೇಕಾಗಿಲ್ಲವೆಂಬುದನ್ನು ಒಪ್ಪುವವರಲ್ಲಿ ನಾನೂ ಒಬ್ಬನು. ಹೊಲದ ವಿಷಗಳ ವಿಷಯದಲ್ಲಿ, ಈಗಾಗಲೇ ಸತ್ತ ಇಲಿಗಳು ಹೇಳಿದ್ದನ್ನು ಯಾರೂ ಓದದಿರುವಾಗ ಇನ್ನಷ್ಟನ್ನು ಕೊಲ್ಲುವುದೇಕೆಂಬುದು ನನ್ನ ಪ್ರಶ್ನೆ.

ಓದುವುದೆಂದರೆ ಮನುಷ್ಯರ ಲೆಕ್ಕದೊಡನೆ ಹೋಲಿಸಿ ಓದುವುದು. ತೈವಾನಿನವರಂತೆ ಮನುಷ್ಯರನ್ನೇ ನೋಡಿ ಕಲಿತವರು ನಮ್ಮ ದೇಶದಲ್ಲಿಯೂ ಇದ್ದರು: ಮುಂಬಯಿಯ ಖಾನೋಲ್ಕರರೂ ಸೂರ್ಯಬಾಯಿಯವರೂ 1945ರಲ್ಲಿ ಧೋತರವನ್ನು ಸೊಂಟಕ್ಕೆ ಬಿಗಿದು ಉಡುವ ಅಭ್ಯಾಸದಿಂದ ಅಲ್ಲಿಯ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರನ್ನು ವರ್ಣಿಸಿದರು, ಯಾವ ಇಲಿಯೂ ಧೋತರ ಉಡುವುದಿಲ್ಲವಾದಕಾರಣ ಅದನ್ನು ರೋಗಿಗಳಿಂದಲೇ ಕಲಿಯಬೇಕಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನಿಡುತ್ತ ಬಂದಿದೆ. ಎಣ್ಣೆ ಹೊಡೆಯುವವರು ನಗರದಲ್ಲಿಲ್ಲ. ಸಿರುಗುಪ್ಪದಲ್ಲಿಯೂ ಕುರುಗೋಡಿನಲ್ಲಿಯೂ ಬೆನ್ನಿನ ಮೇಲೆ ಮಾಯದ ಹುಣ್ಣು ಎದ್ದವನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರುತ್ತಾನೆ. ಚೀಟಿಯ ಮೇಲೆ ಅವನ ಕಸುಬು ಕೂಲಿ ಎಂದಷ್ಟೇ ಬರೆದಿರುತ್ತದೆ. ಯಾವ ಕೂಲಿ, ಎಷ್ಟು ವರ್ಷ ಪಂಪು ಹೊತ್ತ, ಯಾವ ಬೆಳೆಗೆ ಯಾವ ಎಣ್ಣೆ ಎಂದು ಕೇಳುವ ಕಾಲಂ ಅದರಲ್ಲಿಲ್ಲ.

ಮ್ಯಾಂಚೆಸ್ಟರಿನ ನೂಲುಗಾರನಿಗೆ ಹುಣ್ಣು ಬಂದದ್ದು ಹಲವು ದಶಕಗಳ ದುಡಿಮೆಯ ತರುವಾಯ. ಈ ವರ್ಷ ಪಂಪು ಹೊತ್ತ ಹುಡುಗನ ಹೆಸರನ್ನು ಈ ವರ್ಷ ಪುಸ್ತಕಕ್ಕೇರಿಸಿದರೆ ಉತ್ತರ ಬರುವಷ್ಟರಲ್ಲಿ ಈ ಶತಮಾನದ ಅರ್ಧ ಕಳೆದಿರುತ್ತದೆ. ಆದಕಾರಣ ಹಿಂದಿನಿಂದ ಆರಂಭಿಸಬೇಕು: ಕಾಲುವೆಯ ಬತ್ತಕ್ಕೆ 1970ರ ದಶಕದಲ್ಲಿ ಬಿಎಚ್‌ಸಿ ಎಂಬ ಕೀಟನಾಶಕದ ಪುಡಿಯನ್ನು ಬರಿಗೈಯಿಂದ ಎರಚಿದವರು, ಆ ಪುಡಿ 1997ರಲ್ಲಿ ನಿಷೇಧವಾಗುವವರೆಗೂ ಎರಚುತ್ತಲೇ ಇದ್ದವರು, ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರ ಬೆನ್ನು, ಮುಂಗೈ, ಅಂಗಾಲುಗಳನ್ನು ಹಗಲು ಬೆಳಕಿನಲ್ಲಿ ನೋಡಿ, ಹೊಡೆದ ಎಣ್ಣೆಗಳ ಹೆಸರನ್ನು ಅವರ ನೆನಪಿನಿಂದ ಕೇಳಿ ಬರೆದುಕೊಳ್ಳುವುದಕ್ಕೆ ದೊಡ್ಡ ಯಂತ್ರಗಳು ಬೇಕಾಗಿಲ್ಲ. 1961ರಲ್ಲಿ ಆರಂಭವಾದ ಈ ಊರಿನ ವೈದ್ಯಕೀಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಸಮೀಕ್ಷೆಯ ಅಭ್ಯಾಸಕ್ಕೆಂದು ಹೇಗೂ ಹಳ್ಳಿಗಳಿಗೆ ಹೋಗಬೇಕಾದವರು. ಅವರು ಕೈಯಲ್ಲಿ ಹಿಡಿದು ಹೋಗುವ ನಮೂನೆಗೆ ಎರಡು ಕಾಲಂಗಳನ್ನು ಹೆಚ್ಚಿಸಿ, ಮೊದಲ ಪ್ರತಿಗಳನ್ನು ಬರುವ ಬತ್ತದ ಕೊಯ್ಲಿಗೆ ಮುನ್ನ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಬಿಸಬಹುದೆಂದು, ಈ ಸಭೆಯಲ್ಲಿ ಉಪಸ್ಥಿತರಿರುವ ಆ ವಿದ್ಯಾಲಯದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ.